ದುಡಿಯುವ ಹೆಬ್ಬೆರಳಿಗೆ ಯಾವ ಶಸ್ತ್ರಚಿಕಿತ್ಸೆ?

ರೊಬಸ್ಟಾ ಕಾಫಿ ಕುಯ್ಯುವ ಕೈಯನ್ನು ಹತ್ತಿರ ನಿಂತು ನೋಡಿದರೆ ಹೆಬ್ಬೆರಳು ಎಷ್ಟು ದುಡಿಯುತ್ತದೆ ಎಂಬುದು ತಿಳಿಯುತ್ತದೆ. ಎಡಗೈ ರೆಂಬೆಯನ್ನು ಬಗ್ಗಿಸಿ ಹಿಡಿದಿರುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಗೊಂಚಲನ್ನು ಬುಡದಲ್ಲಿ ಹಿಡಿದು ತುಸು ತಿರುಚುತ್ತವೆ. ಹಣ್ಣು ಕಳಚಿ ಬೀಳುವ ಹೊತ್ತಿಗೆ ಕೈ ಮುಂದಿನ ಗೊಂಚಲಿಗೆ ಹೋಗಿರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ; ಹಾಗಾಗಿ ಕೈ ನಿಲ್ಲುವಂತಿಲ್ಲ. ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪಲು ಸುತ್ತಿನ ತೋಟಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೂ ಇದೇ ಕೆಲಸ. ಅದು ಮುಗಿಯುತ್ತಿದ್ದಂತೆ ಏಣಿ ಹತ್ತಿ ಮೆಣಸು ಬಿಡಿಸುವುದು, ಆಮೇಲೆ ಗಿಡ ಸವರುವ ಕತ್ತರಿ, ಮಳೆಗೆ ಮುಂಚೆ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ, ನಡುನಡುವೆ ಕಳೆ ಕೊಚ್ಚುವ ಯಂತ್ರ. ಇವುಗಳಲ್ಲಿ ಯಾವುದನ್ನೂ ನಾಲ್ಕು ಬೆರಳಿನಿಂದ ಮಾಡಲಾಗದು.

ಇಂಥ ಕೆಲಸದ ನಡುವೆ ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಹೆಬ್ಬೆರಳಿನ ಬುಡದಲ್ಲಿ, ಅದು ಮಣಿಕಟ್ಟನ್ನು ಸೇರುವ ಜಾಗದಲ್ಲಿ ನೋವು ಶುರುವಾದರೆ ಏನು ಗತಿ? ಮೊದಮೊದಲು ಕತ್ತರಿ ಒತ್ತುವಾಗ ಮಾತ್ರ ಚುರುಕ್ ಎನ್ನುತ್ತದೆ. ಮುಂದೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು, ಬೀಗದ ಕೀಲಿ ಹಾಕಲು, ನೂಪುಟ್ಟಿನ ಒರಳು ಒತ್ತಲು ಆಗುವುದಿಲ್ಲ. ಕಡೆಗೆ ರಾತ್ರಿ ಮಲಗಿದಾಗಲೂ ಜುಮುಗುಡುತ್ತದೆ. ಇದು ವಯಸ್ಸಾದ ಹೆಂಗಸರಿಗೆ ಬರುವ ಕೀಲು ಸವೆತ ಎಂದೇ ಎಲ್ಲರ ತಿಳಿವಳಿಕೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಐವತ್ತರೊಳಗಿನವರಿಗೂ ಬರುತ್ತದೆ, ಮತ್ತು ಅವರ ಸಮಸ್ಯೆ ಬೇರೆಯೇ. ಅರವತ್ತೈದರ ಅಜ್ಜಿಗೆ ನೋವು ಹೋದರೆ ಸಾಕು. ಮೂವತ್ತೆಂಟರ ಕೂಲಿಯಾಳಿಗೆ ನೋವು ಹೋಗಬೇಕು, ಹಿಡಿತ ಉಳಿಯಬೇಕು, ಮಾಡಿದ ಚಿಕಿತ್ಸೆ ಇನ್ನೂ ಇಪ್ಪತ್ತೈದು ವರ್ಷದ ದುಡಿಮೆಯನ್ನು ತಡೆದುಕೊಳ್ಳಬೇಕು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಯ್ದ ಶಸ್ತ್ರಚಿಕಿತ್ಸೆ ಎಷ್ಟೇ ಅಚ್ಚುಕಟ್ಟಾಗಿ ನಡೆದರೂ ಆ ಮನುಷ್ಯನಿಗೆ ಒಗ್ಗದೆ ಹೋಗಬಹುದು.

ನೋವಿನ ಜಾಗ ಯಾವುದು ಎಂದು ಮೊದಲು ನೋಡೋಣ. ಹೆಬ್ಬೆರಳಿಗೆ ಕಣ್ಣಿಗೆ ಕಾಣುವ ಎರಡು ಗೆಣ್ಣುಗಳಲ್ಲದೆ ಅಂಗೈಯೊಳಗೆ ಹುದುಗಿದ ಇನ್ನೊಂದು ಕೀಲಿದೆ. ಹೆಬ್ಬೆರಳಿನ ಅಂಗೈ ಮೂಳೆಯು ಮಣಿಕಟ್ಟಿನ ಟ್ರಪೀಜಿಯಂ ಎಂಬ ಸಣ್ಣ ಮೂಳೆಯ ಮೇಲೆ ಕೂರುವುದು ಅಲ್ಲಿ. ಎರಡೂ ಮೂಳೆಗಳ ಮೈ ಕುದುರೆಯ ಜೀನಿನಂತೆ ಒಂದು ಕಡೆಗೆ ಉಬ್ಬಿ ಇನ್ನೊಂದು ಕಡೆಗೆ ತಗ್ಗಿದೆ. ಒಂದರ ಮೇಲೊಂದು ಅಡ್ಡಡ್ಡ ಕೂತಿವೆ. ಹೆಬ್ಬೆರಳು ಅಗಲಿ, ಮಡಿಚಿ, ತಿರುಗಿ ಕಿರುಬೆರಳಿನ ತುದಿಯನ್ನು ಮುಟ್ಟಲು ಸಾಧ್ಯವಾಗಿರುವುದು ಈ ಆಕಾರದಿಂದ. ಆದರೆ ಮೂಳೆಗೆ ಮೂಳೆ ಬಿಗಿಯಾಗಿ ಕಚ್ಚಿಕೊಂಡಿಲ್ಲ. ಸಂದನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಲಿಗಮೆಂಟುಗಳು. ಅಮೆರಿಕದ ಕೂನಿ ಮತ್ತು ಚಾವೊ 1977ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಬೆರಳ ತುದಿಯಲ್ಲಿ 1 ಕಿಲೋ ಬಲ ಹಾಕಿ ಚಿವುಟಿದರೆ ಬುಡದ ಈ ಕೀಲಿನ ಮೇಲೆ ಬೀಳುವ ಒತ್ತಡ ಸುಮಾರು 12 ಕಿಲೋ. ಮುಷ್ಟಿ ಬಿಗಿದು ಹಿಡಿದರೆ ಅದು 120 ಕಿಲೋವರೆಗೂ ಏರಬಲ್ಲದು. ಲಿಗಮೆಂಟು ಸಡಿಲವಾಗಿದ್ದರೆ ಪ್ರತಿ ಒತ್ತಿಗೂ ಮೂಳೆ ತುಸು ಹೊರಕ್ಕೆ ಜಾರುತ್ತದೆ, ಮೇಲಿನ ಮೃದ್ವಸ್ಥಿ ಒಂದೇ ಜಾಗದಲ್ಲಿ ತೇಯುತ್ತಾ ಬರುತ್ತದೆ.

ಎಳೆಯ ವಯಸ್ಸಿನಲ್ಲಿ ಸವೆಯಲು ಮುಖ್ಯ ಕಾರಣಗಳು ಎರಡು. ಹುಟ್ಟಿನಿಂದಲೇ ಕೀಲುಗಳು ಸಡಿಲವಿರುವುದು ಒಂದು; ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ ಮುಂಗೈಗೆ ತಾಗಿಸಬಲ್ಲ ಹುಡುಗಿಯರನ್ನು ನಾವೆಲ್ಲ ನೋಡಿದ್ದೇವೆ. ಇನ್ನೊಂದು, ಹಳೆಯ ಪೆಟ್ಟು. ಆಮವಾತದಂಥ ಕಾಯಿಲೆಯಿಂದಲೂ ಈ ಕೀಲು ಹಾಳಾಗುತ್ತದೆ, ಆದರೆ ಅದರ ಚಿಕಿತ್ಸೆಯ ದಾರಿಯೇ ಬೇರೆ. ತೋಟದ ಕೆಲಸ ಒಂದೇ ಸವೆತಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ವಂಶ, ಲಿಂಗ, ವಯಸ್ಸು ಇವುಗಳ ಪಾಲು ದೊಡ್ಡದು. ಆದರೆ ಸಡಿಲ ಕೀಲಿನ ಮೇಲೆ, ಮುರಿದು ವಕ್ರವಾಗಿ ಕೂಡಿದ ಕೀಲಿನ ಮೇಲೆ ಇಂಥ ದುಡಿಮೆ ಬಿದ್ದರೆ ನೋವು ಬೇಗ ಹೊರಬೀಳುತ್ತದೆ.

ಹಳೆಯ ಪೆಟ್ಟಿನ ವಿಷಯ ಕೊಡಗಿನಲ್ಲಿ ಬಿಡಿಸಿ ಹೇಳಲೇಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಆಡಿದವು. ಶಾಲೆಯ ಹುಡುಗನ ಪಕ್ಕದಲ್ಲಿ ಅವನ ಚಿಕ್ಕಪ್ಪ, ಅವರ ಪಕ್ಕದಲ್ಲಿ ವರ್ಷಕ್ಕೊಮ್ಮೆ ಮಾತ್ರ ಸ್ಟಿಕ್ ಹಿಡಿಯುವ ದೊಡ್ಡಪ್ಪ. ಅದೇ ಆ ಹಬ್ಬದ ಸೊಗಸು. ಆದರೆ ಸ್ಟಿಕ್ ಹಿಡಿದ ಕೈಯ ಮೇಲೆಯೇ ಬಿದ್ದರೆ ಪೆಟ್ಟು ನೇರ ಹೆಬ್ಬೆರಳಿನ ಬುಡಕ್ಕೆ ಬೀಳುತ್ತದೆ. ಬೈಕಿನ ಹ್ಯಾಂಡಲ್ ಹಿಡಿದು ಬಿದ್ದವರಿಗೂ ಹಾಗೆಯೇ. ಬುಡ ಊದುತ್ತದೆ. ‘ಉಳುಕಿರಬೇಕು’ ಎಂದುಕೊಂಡು ಎಣ್ಣೆ ತಿಕ್ಕುತ್ತಾರೆ, ಇಲ್ಲವೇ ನಾಟಿ ಕಟ್ಟು ಹಾಕಿಸುತ್ತಾರೆ. ಮೂರು ವಾರದಲ್ಲಿ ಊತ ಇಳಿಯುತ್ತದೆ, ಎಲ್ಲ ಮರೆತುಹೋಗುತ್ತದೆ.

ಎಷ್ಟೋ ಸಲ ಅದು ಉಳುಕಲ್ಲ, ಬೆನೆಟ್ ಮುರಿತ. ಡಬ್ಲಿನ್ನಿನ ಶಸ್ತ್ರವೈದ್ಯ ಎಡ್ವರ್ಡ್ ಹ್ಯಾಲರನ್ ಬೆನೆಟ್ 1882ರಲ್ಲಿ ಬಣ್ಣಿಸಿದ ಮುರಿತ ಇದು. ಅಂಗೈ ಮೂಳೆಯ ಬುಡದ ಒಂದು ಸಣ್ಣ ತುಣುಕು ಸಂದಿನ ಒಳಗೇ ಒಡೆಯುತ್ತದೆ. ತುಣುಕು ಲಿಗಮೆಂಟಿಗೆ ಅಂಟಿ ತನ್ನ ಜಾಗದಲ್ಲೇ ಉಳಿದರೆ, ಉಳಿದ ಇಡೀ ಮೂಳೆಯನ್ನು ಮುಂಗೈಯಿಂದ ಬರುವ ಸ್ನಾಯು ತನ್ನತ್ತ ಎಳೆದುಕೊಳ್ಳುತ್ತದೆ. ಈ ಎಳೆತ ಬಿಡುವಿಲ್ಲದ್ದು. ಅದಕ್ಕೇ ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಇದು ನಿಲ್ಲುವುದಿಲ್ಲ. ಕಟ್ಟುವವರ ಕೈಗುಣದ ಪ್ರಶ್ನೆಯೇ ಇಲ್ಲಿಲ್ಲ, ಬರೀ ಪ್ಲಾಸ್ಟರಿನಲ್ಲೂ ಹಲವು ಸಲ ಜಾರುತ್ತದೆ. ಹೊಸದರಲ್ಲೇ ಎಕ್ಸ್‌ರೇ ತೆಗೆಸಿ, ಮೂಳೆಯನ್ನು ಕೂರಿಸಿ, ಚರ್ಮದ ಮೂಲಕ ಒಂದೆರಡು ತೆಳು ಉಕ್ಕಿನ ತಂತಿ ತೂರಿಸಿ ಐದಾರು ವಾರ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ತುಣುಕು ದೊಡ್ಡದಿದ್ದರೆ ತೆರೆದು ಸ್ಕ್ರೂ ಹಾಕುತ್ತಾರೆ. ಯುವಕರ ಹೆಬ್ಬೆರಳಿನ ಸವೆತವನ್ನು ತಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಇದಕ್ಕಿಂತ ಸುಲಭದ್ದು, ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಬ್ಬೆರಳಿನ ಬುಡ ಊದಿದ ಪ್ರತಿ ಆಟಗಾರನಿಗೂ ಆ ವಾರದೊಳಗೇ ಒಂದು ಎಕ್ಸ್‌ರೇ ಆಗಬೇಕು.

ಪೆಟ್ಟೇ ಇಲ್ಲದೆ ನೋವು ಬಂದವರ ವಿಷಯಕ್ಕೆ ಬರೋಣ. ಹೆಬ್ಬೆರಳ ಕಡೆಯ ನೋವೆಲ್ಲ ಕೀಲಿನದಲ್ಲ. ಕೂಸನ್ನು ಎತ್ತಿ ಆಡಿಸುವ ತಾಯಂದಿರಿಗೆ ಮಣಿಕಟ್ಟಿನ ಪಕ್ಕದಲ್ಲಿ ಬರುವುದು ಬೇರೆ. ಅಲ್ಲಿ ಸ್ನಾಯುವನ್ನು ಮೂಳೆಗೆ ಜೋಡಿಸುವ ಟೆಂಡನ್ನಿನ ಕವಚ ಊದಿರುತ್ತದೆ, ಅದಕ್ಕೆ ಡಿ ಕ್ವೆರ್ವೇನ್ ಕಾಯಿಲೆ ಎನ್ನುತ್ತಾರೆ. ಕೀಲಿನದೇ ಆಗಿದ್ದರೆ ವೈದ್ಯರು ಹೆಬ್ಬೆರಳಿನ ಅಂಗೈ ಮೂಳೆಯನ್ನು ಹಿಡಿದು ಬುಡದತ್ತ ಒತ್ತಿ ಮೆಲ್ಲಗೆ ತಿರುಗಿಸಿದಾಗ ಹಳೆಯ ನೋವೇ ಮರುಕಳಿಸುತ್ತದೆ, ಕೆಲವೊಮ್ಮೆ ಕರಕರ ಎನ್ನುತ್ತದೆ. ಎಕ್ಸ್‌ರೇ ನೋಡಿ ನಾಲ್ಕು ಹಂತ ಗುರುತಿಸುವುದು ರೂಢಿ. ಮೊದಲ ಹಂತದಲ್ಲಿ ಚಿತ್ರ ಸರಿಯಾಗಿಯೇ ಇರುತ್ತದೆ, ಎರಡನೆಯದರಲ್ಲಿ ಸಂದು ಕಿರಿದಾಗುತ್ತದೆ, ಮೂರರಲ್ಲಿ ಮೂಳೆಗೆ ಮೂಳೆ ತಾಗಿ ಅಂಚಿನಲ್ಲಿ ಮುಳ್ಳು ಬೆಳೆದಿರುತ್ತದೆ, ನಾಲ್ಕರಲ್ಲಿ ಪಕ್ಕದ ಕೀಲೂ ಕೆಟ್ಟಿರುತ್ತದೆ. ಚಿತ್ರ ತೀರಾ ಕೆಟ್ಟಿದ್ದರೂ ನೋವಿಲ್ಲದೆ ದುಡಿಯುವವರು ಎಷ್ಟೋ ಮಂದಿ; ಅಂಥವರನ್ನು ಟೇಬಲ್ ಮೇಲೆ ಮಲಗಿಸುವುದು ತಪ್ಪು.

ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲು ಕೆಲವು ತಿಂಗಳು ಬೇರೆ ದಾರಿಗಳನ್ನು ನೋಡಬೇಕು. ಹೆಬ್ಬೆರಳ ಬುಡವನ್ನು ಹಿಡಿದಿಡುವ ಸ್ಪ್ಲಿಂಟ್, ತೋರುಬೆರಳು ಮತ್ತು ಹೆಬ್ಬೆರಳ ನಡುವಿನ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ನೋವಿನ ಮುಲಾಮು. ಕತ್ತರಿಯ, ಕತ್ತಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಚಿವುಟುವ ಬಲ ಕಡಿಮೆ ಸಾಕಾಗುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಯಾರೂ ಕಡೆಗಣಿಸಬಾರದು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಆರಾಮ ಕೊಡುತ್ತದೆ. ಆ ಆರಾಮದಲ್ಲಿ ಇಡೀ ಕುಯ್ಲು ಮುಗಿಸಿ, ಮುಂದಿನ ವರ್ಷ ಮತ್ತೆ ಚುಚ್ಚಿಸಿಕೊಂಡು, ಹೀಗೇ ನಾಲ್ಕೈದು ವರ್ಷ ತಳ್ಳುವವರಿಗೆ ಒಂದು ಮಾತು: ಕೀಲು ಉಳಿಸುವ ಶಸ್ತ್ರಚಿಕಿತ್ಸೆಗಳ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ.

ಆ ಬಾಗಿಲು ತೆರೆದಿರುವುದು ಮೊದಲ ಎರಡು ಹಂತಗಳಲ್ಲಿ. ಸಂದು ಸಡಿಲ, ಮೃದ್ವಸ್ಥಿ ಇನ್ನೂ ಚೆನ್ನಾಗಿದೆ ಎಂದರೆ ಲಿಗಮೆಂಟನ್ನೇ ಹೊಸದಾಗಿ ಕಟ್ಟಬಹುದು. ನ್ಯೂಯಾರ್ಕಿನ ರಿಚರ್ಡ್ ಈಟನ್ ಮತ್ತು ವಿಲಿಯಂ ಲಿಟ್ಲರ್ 1973ರಲ್ಲಿ ವಿವರಿಸಿದ ವಿಧಾನ ಇಂದಿಗೂ ಇದೆ. ಮಣಿಕಟ್ಟನ್ನು ಮಡಿಚುವ ಟೆಂಡನ್ನುಗಳಲ್ಲಿ ಹೆಬ್ಬೆರಳ ಕಡೆಯದನ್ನು ಉದ್ದಕ್ಕೆ ಸೀಳಿ ಒಂದು ಎಳೆಯನ್ನು ಬೇರೆ ಮಾಡುತ್ತಾರೆ. ಅದರ ಬೆರಳ ಕಡೆಯ ಬುಡವನ್ನು ಕತ್ತರಿಸುವುದಿಲ್ಲ. ಹೆಬ್ಬೆರಳಿನ ಅಂಗೈ ಮೂಳೆಯ ಬುಡಕ್ಕೆ ರಂಧ್ರ ಕೊರೆದು ಆ ಎಳೆಯನ್ನು ಒಳಗಿನಿಂದ ಹೊರಕ್ಕೆ ತಂದು, ಬಿಗಿದು, ಕೀಲನ್ನು ಬಳಸಿ ಹೊಲಿಯುತ್ತಾರೆ. ಮಿಕ್ಕ ಅರ್ಧ ಟೆಂಡನ್ ತನ್ನ ಹಳೆಯ ಕೆಲಸವನ್ನು ಮುಂದುವರಿಸುತ್ತದೆ. ಹೀಗೆ ಮಾಡಿಸಿಕೊಂಡವರನ್ನು ಸರಾಸರಿ 15 ವರ್ಷದ ನಂತರ ಈಟನ್ ತಂಡವೇ ಮತ್ತೆ ಪರೀಕ್ಷಿಸಿ 2000ದಲ್ಲಿ ವರದಿ ಮಾಡಿತು. ಬಹುಪಾಲು ಜನರಲ್ಲಿ ಸಂದು ಸವೆದಿರಲಿಲ್ಲ. ಗುಂಪು ಚಿಕ್ಕದು, ಹೋಲಿಸಲು ಬೇರೆ ಗುಂಪಿರಲಿಲ್ಲ, ನಿಜ. ಆದರೂ ಮೂವತ್ತರ ಹೆಣ್ಣುಮಗಳೊಬ್ಬಳಿಗೆ ಇದು ಭರವಸೆ ಕೊಡುವ ಸುದ್ದಿ.

ಸವೆತ ಶುರುವಾಗಿದೆ, ಆದರೆ ಅಂಗೈ ಕಡೆಯ ಭಾಗಕ್ಕಷ್ಟೇ ಸೀಮಿತವಾಗಿದೆ ಎಂದಾದರೆ ಇನ್ನೊಂದು ಉಪಾಯವುಂಟು. ಅಂಗೈ ಮೂಳೆಯ ಬುಡದಲ್ಲಿ ಸುಮಾರು 30 ಡಿಗ್ರಿಯ ಬೆಣೆಯಾಕಾರದ ಚೂರನ್ನು ಕೊಯ್ದು ತೆಗೆದು, ಮೂಳೆಯನ್ನು ಹೊರಕ್ಕೆ ಬಾಗಿಸಿ ಕೂಡಿಸುವುದು. ಬ್ರಿಟನ್ನಿನ ವಿಲ್ಸನ್ ಎಂಬವರು ಇದನ್ನೂ 1973ರಲ್ಲೇ ಪ್ರಕಟಿಸಿದರು. ಕೀಲನ್ನು ಮುಟ್ಟುವುದೇ ಇಲ್ಲ. ಭಾರ ಬೀಳುವ ಜಾಗ ಸವೆದ ಕಡೆಯಿಂದ ಚೆನ್ನಾಗಿರುವ ಕಡೆಗೆ ಸರಿಯುತ್ತದೆ. ಮೂಳೆ ಕೂಡಿದ ಮೇಲೆ ಹಿಡಿತದ ಬಲ ಉಳಿಯುತ್ತದೆ. ಮುಂದೆ ಬೇಕಾದರೆ ಬೇರೆ ಶಸ್ತ್ರಚಿಕಿತ್ಸೆಗೂ ದಾರಿ ತೆರೆದಿರುತ್ತದೆ. ಎಳೆಯರ ವಿಷಯದಲ್ಲಿ ಈ ಕೊನೆಯ ಗುಣಕ್ಕೆ ಬೆಲೆ ಹೆಚ್ಚು. ಬೆನೆಟ್ ಮುರಿತ ವಕ್ರವಾಗಿ ಕೂಡಿದ್ದರೂ ಸವೆತ ಮುಂದುವರಿಯುವ ಮೊದಲು ಹೀಗೆ ಮೂಳೆಯನ್ನು ಕೊಯ್ದು ನೇರ ಮಾಡಲು ಬರುತ್ತದೆ. ಸಣ್ಣ ದೂರ್ಬೀನು ತೂರಿಸಿ ಸಂದಿನ ಒಳಗನ್ನು ಚೊಕ್ಕಟ ಮಾಡುವುದು, ನೋವು ಸಾಗಿಸುವ ನರದ ಎಳೆಗಳನ್ನು ಕತ್ತರಿಸುವುದು ಇವೂ ಚಾಲ್ತಿಯಲ್ಲಿವೆ. ಬೇಗ ಚೇತರಿಕೆಯಾಗುತ್ತದೆ, ಆದರೆ ಬಹುಕಾಲದ ಫಲಿತಾಂಶದ ಬಗ್ಗೆ ಇನ್ನೂ ಒಮ್ಮತವಿಲ್ಲ.

ಮೂರನೇ ಹಂತ ಬಂದ ಮೇಲೆ ಪ್ರಶ್ನೆ ಕಠಿಣವಾಗುತ್ತದೆ. ವಯಸ್ಸಾದವರಿಗೆ ಹೆಚ್ಚಾಗಿ ಮಾಡುವುದು ಟ್ರಪೀಜಿಯಂ ಮೂಳೆಯನ್ನೇ ತೆಗೆದುಹಾಕುವುದು. ಇಂಗ್ಲೆಂಡಿನ ಗೆರ್ವಿಸ್ 1949ರಲ್ಲಿ ತೋರಿಸಿಕೊಟ್ಟ ದಾರಿ. 1986ರಲ್ಲಿ ಬರ್ಟನ್ ಮತ್ತು ಪೆಲೆಗ್ರಿನಿ ಅದಕ್ಕೆ ಟೆಂಡನ್ನಿನಿಂದ ಲಿಗಮೆಂಟು ಕಟ್ಟಿ, ಮಿಕ್ಕದ್ದನ್ನು ಸುರುಳಿ ಮಾಡಿ ಖಾಲಿ ಜಾಗಕ್ಕೆ ತುಂಬುವ ಕ್ರಮವನ್ನು ಸೇರಿಸಿದರು. ನೋವಿಗೆ ಇದು ಒಳ್ಳೆಯ ಪರಿಹಾರ. ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಹೆಚ್ಚುವರಿ ಹೊಲಿಗೆ, ತುಂಬುವಿಕೆಯಿಂದ ವಿಶೇಷ ಲಾಭವಿದೆ ಎಂದು ಸಾಬೀತಾಗಿಲ್ಲ. ದುಡಿಯುವವರಿಗೆ ಇರುವ ತೊಡಕು ಬೇರೆ. ಕೆಳಗಿನ ಮೂಳೆಯೇ ಇಲ್ಲದ ಹೆಬ್ಬೆರಳು ಕಾಲಕ್ರಮದಲ್ಲಿ ತುಸು ಕುಸಿಯುತ್ತದೆ. ಚಿವುಟುವ ಬಲ ಮರಳಲು ಆರು ತಿಂಗಳಿಂದ ವರ್ಷ ಹಿಡಿಯಬಹುದು, ಪೂರ್ತಿ ಮರಳದೆಯೂ ಇರಬಹುದು. ತೆಗೆದ ಮೂಳೆಯನ್ನು ಮತ್ತೆ ಇಡಲಾಗದು.

ಅದಕ್ಕೇ ಭಾರದ ಕೆಲಸ ಮಾಡುವ ಯುವಕರಿಗೆ ಕೀಲನ್ನು ಬೆಸೆದುಬಿಡಿ ಎಂದು ಬಹುಕಾಲದಿಂದ ಪಠ್ಯಗಳು ಹೇಳುತ್ತಾ ಬಂದಿವೆ. ಸವೆದ ಮೈಯನ್ನು ಕೆತ್ತಿ, ಎರಡೂ ಮೂಳೆಗಳನ್ನು ಮುಷ್ಟಿ ಹಿಡಿಯುವ ಭಂಗಿಯಲ್ಲಿ ಜೋಡಿಸಿ, ಪ್ಲೇಟಿನಿಂದಲೋ ತಂತಿಯಿಂದಲೋ ಬಿಗಿದು ಒಂದೇ ಮೂಳೆಯಾಗಲು ಬಿಡುವುದು. ಚಲನೆಯೇ ಇಲ್ಲದ ಮೇಲೆ ತೇಯುವುದೆಲ್ಲಿಂದ? ಬಲವೂ ಚೆನ್ನಾಗಿರುತ್ತದೆ. ಆದರೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಲು ಆಗುವುದಿಲ್ಲ, ಇಕ್ಕಟ್ಟಾದ ಜೇಬಿಗೆ, ಬಾಯಿ ಕಿರಿದಾದ ಪಾತ್ರೆಗೆ ಕೈ ಹಾಕುವುದು ಕಷ್ಟ. ಮೂಳೆ ಕೂಡದೇ ಹೋಗುವ ಅಪಾಯವೂ ಉಂಟು; ಬೀಡಿ, ಸಿಗರೇಟು ಸೇದುವವರಲ್ಲಿ ಅದು ಹೆಚ್ಚು. ತಿಂಗಳಾನುಗಟ್ಟಲೆ ಬೀಡಿ ಬಿಡಲಾಗದವರು ಈ ದಾರಿ ಹಿಡಿಯದಿರುವುದೇ ಲೇಸು.

ಸಾಕ್ಷ್ಯ ಏನು ಹೇಳುತ್ತದೆ? 60ರೊಳಗಿನ ರೋಗಿಗಳಲ್ಲಿ ಈ ಎರಡನ್ನೂ ಹೋಲಿಸಿ ಅಮೆರಿಕದ ಹಾರ್ಟಿಗನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋವಿನಲ್ಲಿ, ತೃಪ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಬೆಸೆದವರಿಗೆ ಚಿವುಟುವ ಬಲ ಹೆಚ್ಚು, ಮೂಳೆ ತೆಗೆಸಿದವರಿಗೆ ಚಲನೆ ಹೆಚ್ಚು. ನೆದರ್‌ಲೆಂಡ್ಸ್‌ನ ವರ್ಮ್ಯೂಲೆನ್ ತಂಡ 40 ದಾಟಿದ ಮಹಿಳೆಯರಲ್ಲಿ ಚೀಟಿ ಎತ್ತಿದ ಕ್ರಮದಲ್ಲಿ ಹೋಲಿಕೆ ನಡೆಸಿತು; ಬೆಸೆದ ಗುಂಪಿನಲ್ಲಿ ತೊಂದರೆಗಳು ಹೆಚ್ಚಿದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಫಲಿತಾಂಶ ಬಂದದ್ದು 2014ರಲ್ಲಿ. ಹಾಗಾಗಿ ಯುವಕರೆಂದರೆ ಬೆಸುಗೆ ಎಂಬ ಹಳೆಯ ಸೂತ್ರವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಏಣಿಯ ಮೇಲೆ ನಿಂತು ಕತ್ತಿ ಬೀಸುವ ಮರಗಸಿಯವನಿಗೆ ಅದು ಸರಿಹೋಗಬಹುದು. ಕಾಫಿ ಕುಯ್ಯುವ, ಬಟ್ಟೆ ಹೊಲಿಯುವ, ಅಡುಗೆ ಮಾಡುವ ಹೆಂಗಸಿಗೆ ಬೆರಳುಗಳ ಚುರುಕು ಬೇಕು. ಆಕೆಗೆ ಬೆಸುಗೆ ಹೊರೆಯಾಗಬಹುದು. ‘ಏನು ಕೆಲಸ ಮಾಡ್ತೀರಮ್ಮ?’ ಎಂದು ಕೇಳಿದಾಗ ‘ತೋಟದ ಕೆಲಸ ಸಾರ್’ ಎಂಬ ಒಂದೇ ಉತ್ತರ ಇಬ್ಬರಿಂದಲೂ ಬರುತ್ತದೆ. ಯಾವ ಕೆಲಸ, ಯಾವ ಕೈ, ಏನು ಹಿಡಿಯುತ್ತೀರಿ ಎಂದು ವೈದ್ಯರು ಮತ್ತೆ ಕೇಳಬೇಕು. ಕೇಳದಿದ್ದರೆ ರೋಗಿಯೇ ಕತ್ತರಿ ಹಿಡಿಯುವ ರೀತಿಯನ್ನು ಮಾಡಿ ತೋರಿಸಬೇಕು.

ಕೃತಕ ಕೀಲೂ ಬಂದಿದೆ. ಫ್ರಾನ್ಸಿನಲ್ಲಿ 1970ರ ದಶಕದಿಂದಲೂ ಬೆಳೆದುಬಂದ ಗುಂಡು ಮತ್ತು ಬಟ್ಟಲಿನ ವಿನ್ಯಾಸ ಅದು. ಈಚಿನವು ಮೊದಲಿನವಕ್ಕಿಂತ ಗಟ್ಟಿ, ಚೇತರಿಕೆಯೂ ಬೇಗ. ಆದರೆ ಲೋಹದ ಬಟ್ಟಲು ಕೂರಬೇಕಾದ ಟ್ರಪೀಜಿಯಂ ಚಿಕ್ಕ ಮೂಳೆ. ದಿನವಿಡೀ ಬಲ ಹಾಕುವ ಕೈಯಲ್ಲಿ ಅದು ಸಡಿಲವಾಗುವ ಭಯವನ್ನು ತಳ್ಳಿಹಾಕುವಂತಿಲ್ಲ.

ಯಾವುದನ್ನೇ ಆರಿಸಿಕೊಂಡರೂ ತೋಟದ ಪಂಚಾಂಗವನ್ನು ನೋಡಿಯೇ ದಿನ ಗೊತ್ತುಮಾಡಬೇಕು. ಸಾಮಾನ್ಯವಾಗಿ ತೋಳನ್ನು ಮಾತ್ರ ಜೋಮುಗಟ್ಟಿಸಿ ಮಾಡುತ್ತಾರೆ, ಮರುದಿನ ಮನೆಗೆ ಬರಬಹುದು. ನಾಲ್ಕರಿಂದ ಆರು ವಾರ ಪ್ಲಾಸ್ಟರ್, ಬೆಸುಗೆಯಾದರೆ ಎಂಟು ವಾರವೂ ಆಗಬಹುದು. ಭಾರದ ಕೆಲಸಕ್ಕೆ ಮೂರು ತಿಂಗಳಿಗಿಂತ ಮುಂಚೆ ಮರಳುವಂತಿಲ್ಲ. ಮೆಣಸು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮಾಡಿಸಿಕೊಂಡರೆ ಮಳೆಗಾಲವೆಲ್ಲ ವಿಶ್ರಾಂತಿಗೆ, ವ್ಯಾಯಾಮಕ್ಕೆ ಸಿಗುತ್ತದೆ. ಪುತ್ತರಿಗೆ ಕದಿರು ಕೊಯ್ಯುವ ಹೊತ್ತಿಗೆ ಕುಡುಗೋಲು ಹಿಡಿಯಲು ಬರಬಹುದು, ಕುಯ್ಲಿಗೂ ಹೋಗಬಹುದು. ಅಕ್ಟೋಬರಿನಲ್ಲಿ ಮಾಡಿಸಿಕೊಂಡವರು ಕುಯ್ಲಿನ ಆಸೆಗೆ ಬೇಗ ಕೆಲಸಕ್ಕಿಳಿದರೆ ಕಟ್ಟಿದ ಲಿಗಮೆಂಟು ಸಡಿಲಗೊಂಡೀತು. ಹೆಬ್ಬೆರಳ ಹಿಂಬದಿಯಲ್ಲಿ ಹಾಯುವ ಸಣ್ಣ ನರಕ್ಕೆ ಪೆಟ್ಟಾಗಿ ಕೆಲಕಾಲ ಜೋಮು ಉಳಿಯುವುದುಂಟು. ಅಪರೂಪಕ್ಕೆ ಕೈಯೆಲ್ಲ ಊದಿ, ಉರಿದು, ಮುಟ್ಟಲು ಬಿಡದಷ್ಟು ನೋಯುವುದೂ ಉಂಟು. ಹಾಗಾದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಬೇಕು.

ಎಲ್ಲಿಗೆ ಹೋಗುವುದು? ಎಕ್ಸ್‌ರೇ, ತಂತಿ ಹಾಕುವುದು, ಇಂಜೆಕ್ಷನ್ ಇವು ಜಿಲ್ಲೆಯೊಳಗಿನ ಮೂಳೆ ವೈದ್ಯರಿಂದ ಆಗುವ ಕೆಲಸ. ಮಡಿಕೇರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು 2016ರಿಂದ ಇದೆ. ಲಿಗಮೆಂಟು ಕಟ್ಟುವ, ಮೂಳೆ ಕೊಯ್ದು ಬಾಗಿಸುವ ಕೆಲಸವನ್ನು ಮಾತ್ರ ಕೈಯ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದವರ ಬಳಿ ಮಾಡಿಸುವುದು ಒಳ್ಳೆಯದು. ತಿತಿಮತಿ, ಹುಣಸೂರು ದಾಟಿದರೆ ಮೈಸೂರು, ಮುಂದೆ ಬೆಂಗಳೂರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯೂ ಕೈಯ ಶಸ್ತ್ರಚಿಕಿತ್ಸೆಗೆ ಹೆಸರಾದದ್ದು. ಕುಷ್ಠರೋಗದಿಂದ ಮುದುಡಿದ ಬೆರಳುಗಳಿಗೆ ಟೆಂಡನ್ ಬದಲಿಸಿ ಪಾಲ್ ಬ್ರಾಂಡ್ ಅವರು ವೆಲ್ಲೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಶುರುಮಾಡಿದ ಕೆಲಸ ದಕ್ಷಿಣ ಭಾರತದಲ್ಲಿ ಈ ವಿದ್ಯೆಗೆ ಗಟ್ಟಿ ಬುನಾದಿ ಹಾಕಿತು. ಶಸ್ತ್ರಚಿಕಿತ್ಸೆಯಷ್ಟೇ ನಂತರದ ತರಬೇತಿಯೂ ಮುಖ್ಯ ಎಂಬುದು ಅಲ್ಲಿಂದ ಬಂದ ಪಾಠ. ಅದಕ್ಕಾಗಿ ದೂರದೂರಿಗೆ ವಾರವಾರ ಬಸ್ಸು ಹತ್ತಬೇಕಿಲ್ಲ. ಆಸ್ಪತ್ರೆಯ ಫಿಸಿಯೋಥೆರಪಿಸ್ಟರಿಂದ ವ್ಯಾಯಾಮದ ಕ್ರಮವನ್ನು ಬರೆಸಿಕೊಂಡು ಬಂದರೆ ಹತ್ತಿರದ ಫಿಸಿಯೋಥೆರಪಿಸ್ಟರಲ್ಲಿ ಮುಂದುವರಿಸಬಹುದು.

ದುಡ್ಡಿನ ಮಾತು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆಯಿದೆ. ಮೊದಲು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಶಿಫಾರಸು ಚೀಟಿ ಪಡೆಯುವುದು ಲೇಸು. ಯಾವ ಶಸ್ತ್ರಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಅದರಡಿ ಬರುತ್ತದೆ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ವಿಚಾರಿಸಿಯೇ ದಿನ ಗೊತ್ತುಮಾಡಿಕೊಳ್ಳಬೇಕು. ಆದರೆ ಮೂರು ತಿಂಗಳ ಕೂಲಿ ನಷ್ಟವನ್ನು ಈ ಯೋಜನೆ ತುಂಬಿಕೊಡುವುದಿಲ್ಲ; ಬಹಳ ಮಂದಿ ಚಿಕಿತ್ಸೆಯನ್ನು ಮುಂದೂಡುವುದು ಆ ಕಾರಣಕ್ಕೇ. ತೋಟದ ಮಾಲೀಕರು ಇಲ್ಲಿ ಮನಸ್ಸು ಮಾಡಬೇಕು. ಕಣದಲ್ಲಿ ಕಾಫಿ ಹರಡುವ ಮೇಲ್ವಿಚಾರಣೆ, ತೂಕದ ಲೆಕ್ಕ ಬರೆಯುವುದು, ನರ್ಸರಿಗೆ ನೀರು ಬಿಡುವುದು, ಹೀಗೆ ಒಂದೇ ಕೈಯಿಂದ ಆಗುವ ಕೆಲಸ ಪ್ರತಿ ತೋಟದಲ್ಲೂ ಇದೆ. ಪ್ಲಾಸ್ಟರ್ ಹಾಕಿದ ಕೈಯವರಿಗೆ ಅದನ್ನು ಕೊಟ್ಟು ಸಂಬಳ ನಿಲ್ಲಿಸದಿದ್ದರೆ, ಎರಡನೇ ಹಂತದಲ್ಲೇ ಆಸ್ಪತ್ರೆಗೆ ಹೋಗುವವರು ಹೆಚ್ಚುತ್ತಾರೆ.